ಹಳೇ ಸಾಮಾನು, ಓದುಗರ ಪ್ರಶ್ನೆ: ಅಜ್ಜನ ಕೋವಿ ಸ್ಟ್ಯಾಂಡಿಗೆ ವಯಸ್ಸೆಷ್ಟು?

ಈ ಸಲ ಬಂದಿರೋ ಪತ್ರಗಳಲ್ಲಿ ನಾಲ್ಕು ಕೋವಿ ಸ್ಟ್ಯಾಂಡ್ ಬಗ್ಗೆನೇ ಇವೆ. ಹೋದ ಸಲ ಮಿಲಿಟರಿ ಟ್ರಂಕಿನ ಬಗ್ಗೆ ಬರೆದಿದ್ದಕ್ಕೆ ಇರಬೇಕು, ಎಲ್ಲರೂ ಅಟ್ಟ ಹತ್ತಿ ಇಳಿದಿದ್ದಾರೆ. ಹಿತ್ತಾಳೆ ಪಾತ್ರೆ, ಗ್ರಾಮೋಫೋನ್ ಕೇಳಿದವರು ಬೇಜಾರ್ ಮಾಡ್ಕೋಬೇಡಿ, ಮುಂದಿನ ಸಲ ನಿಮ್ಮದೇ ಸರದಿ.

ಪ್ರಶ್ನೆ: ಸರ್, ನಮ್ಮದು ಮಡಿಕೇರಿ ಹತ್ರ ಒಂದು ಹಳ್ಳಿ. ನಮ್ಮಜ್ಜ ಮಿಲಿಟರಿಲಿದ್ರು, ಎರಡನೇ ಮಹಾಯುದ್ಧ ಮುಗಿಸ್ಕೊಂಡು 1946ರಲ್ಲಿ ರಿಟೈರಾಗಿ ಬರುವಾಗ ಒಂದು ಮರದ ಕೋವಿ ಸ್ಟ್ಯಾಂಡ್ ತಂದಿದ್ರಂತೆ. ನಮಗೆ ಬುದ್ಧಿ ಬಂದಾಗಿಂದ ಅದರಲ್ಲಿ ಕೋವಿ ನೋಡಿಲ್ಲ, ಅಜ್ಜಿ ಮಳೆಗಾಲದಲ್ಲಿ ಕೊಡೆ ಸಿಕ್ಕಿಸ್ತಿದ್ರು. 10 ಕೋವಿ ನಿಲ್ಲುವಷ್ಟು ಜಾಗ ಇದೆ, ಕೆಳಗೆ ಹಲಗೇಲಿ ಹತ್ತು ಗುಳಿ, ಮೇಲೆ ಅಡ್ಡಪಟ್ಟೀಲಿ ಹತ್ತು ಕಚ್ಚು, ಪ್ರತಿ ಕಚ್ಚಿನ ಮೇಲೂ ಬಿಳಿ ಬಣ್ಣದಲ್ಲಿ ನಂಬರು. ಅಡ್ಡಪಟ್ಟಿ ನೆಲದಿಂದ 41 ಇಂಚು ಎತ್ತರದಲ್ಲಿದೆ. ಅದಕ್ಕಿಂತ ಮೇಲೆ, 49 ಇಂಚಿನ ಹತ್ರ ಎರಡೂ ಕಂಬದಲ್ಲಿ ಮರದ ಬೆಣೆ ಹೊಡೆದು ಮುಚ್ಚಿದ ತೂತುಗಳಿವೆ, ಅದ್ಯಾಕೆ ಅಂತ ಗೊತ್ತಾಗ್ಲಿಲ್ಲ. ಪಕ್ಕದ ಕಬ್ಬಿಣದ ಪಟ್ಟಿ ಮೇಲೆ ಕಾಗೆ ಕಾಲಿನ ಥರ ಒಂದು ಗುರುತು, ಅದರ ಕೆಳಗೆ 194 ಅಂತ ಇದೆ, ನಾಲ್ಕನೇ ಅಂಕಿ ಸವೆದಿರಬೇಕು, ಅಂದ್ರೆ 1940ರ ದಶಕದ್ದು ಅಲ್ವಾ? ಇದು ಅಜ್ಜನ ಪಲ್ಟನ್‌ದೇನಾ? ಇದರಲ್ಲಿ ಯಾವ ಕೋವಿ ಇಡ್ತಿದ್ರು? ಪಾಲಿಶ್ ಮಾಡಿಸಬಹುದಾ? ಫೋಟೋ ಕಳಿಸಿದ್ದೀನಿ.

ಉತ್ತರ: ಫೋಟೋ ನೋಡ್ತಾ ಎರಡು ದಿನ ಕೂತಿದ್ದೆ ಕಣ್ರೀ, ಇಷ್ಟು ಚೆನ್ನಾಗಿ ಮಾತಾಡೋ ಸಾಮಾನು ವರ್ಷಕ್ಕೊಂದು ಬಂದ್ರೆ ಹೆಚ್ಚು.

ಮೊದಲು ಆ ಕಾಗೆ ಕಾಲು. ಅದು ಬಾಣದ ತುದಿ, ಬ್ರಿಟಿಷ್ ಸರ್ಕಾರದ ಸಾಮಾನು ಅನ್ನೋದಕ್ಕೆ ಹಾಕ್ತಿದ್ದ ಗುರುತು, ಅವರು ಇದನ್ನ ಬ್ರಾಡ್ ಆರೋ ಅಂತಾರೆ, ಫಿರಂಗಿಯಿಂದ ಹಿಡಿದು ಊಟದ ತಟ್ಟೆವರೆಗೂ ಹೊಡೀತಿದ್ರು. ಬರೀ ಬಾಣ ಇದ್ರೆ ಬ್ರಿಟನ್ ಸರ್ಕಾರದ್ದು ಅಂತ ಹೇಳಬಹುದು. ನಿಮ್ಮದರಲ್ಲಿ ಬಾಣದ ಕೆಳಗೆ ಒಂದು ನೆಟ್ಟಗಿನ ಗೆರೆ ಇದೆಯಲ್ಲ, ಅದನ್ನ ನೀವು ಒಂದು ಅಂತ ಓದಿದ್ದೀರಿ. ಅದು ಅಂಕಿ ಅಲ್ಲ, ಇಂಗ್ಲಿಷಿನ ಐ ಅಕ್ಷರ, ಇಂಡಿಯಾದ ಐ. ಬಾಣದ ಕೆಳಗೆ ಐ ಇದ್ರೆ ಭಾರತದ ಸೈನ್ಯದ ಲೆಕ್ಕಕ್ಕೆ ಸೇರಿದ ಸಾಮಾನು ಅಂತ. ಫೋಟೋನ ದೊಡ್ಡದು ಮಾಡಿ ನೋಡಿ, ಆ ಗೆರೆಯ ಮೇಲೂ ಕೆಳಗೂ ಚಿಕ್ಕ ಅಡ್ಡಗೆರೆ ಇದೆ, ಮತ್ತೆ ಆಮೇಲಿನ 94 ಅದಕ್ಕಿಂತ ಸ್ವಲ್ಪ ಪಕ್ಕಕ್ಕೆ ಬೇರೆ ಅಚ್ಚಲ್ಲಿ ಹೊಡೆದಿದ್ದಾರೆ. ಸವೆದುಹೋದ ನಾಲ್ಕನೇ ಅಂಕಿ ಅಂತ ಯಾವುದೂ ಇಲ್ಲ. ಇರೋದು 94. ಅಂದ್ರೆ 1894 ಇರಬೇಕು ಅನ್ನೋ ಕಡೆಗೆ ನನ್ನ ಮನಸ್ಸು ವಾಲ್ತಿದೆ, ಆದ್ರೆ ಅಚ್ಚೊಂದನ್ನೇ ನಂಬಿ ವಯಸ್ಸು ಹೇಳೋನು ನಾನಲ್ಲ. ಅಚ್ಚು ಹೊಡೆಯೋಕೆ ಒಂದು ಸುತ್ತಿಗೆ ಸಾಕು, ಗುಜರಿ ಬಜಾರ್‌ಗಳಲ್ಲಿ ನಿನ್ನೆ ಮೊನ್ನೆ ಹೊಡೆದ ಬಾಣಗಳನ್ನೂ ನೋಡಿದ್ದೀನಿ. ನಾನು ನಂಬೋದು ಟೇಪನ್ನ.

ಕೋವಿ ಸ್ಟ್ಯಾಂಡ್ ಅಂದ್ರೆ ಏನು ಹೇಳಿ, ಚಪ್ಪಲಿ ಅಚ್ಚು ಇದ್ದ ಹಾಗೆ. ಕಾಲು ಇಲ್ಲದಿದ್ರೂ ಕಾಲಿನ ಅಳತೆ ಅದರಲ್ಲಿ ಉಳಿದಿರುತ್ತೆ. ಕೋವಿಯ ಹಿಂಭಾಗ ಅಂದ್ರೆ ಬಟ್ಟು ಕೆಳಗಿನ ಗುಳೀಲಿ ಕೂರುತ್ತೆ, ಮೇಲೆ ನಳಿಕೆಯೋ ನಳಿಕೆ ಸುತ್ತ ಇರೋ ಮರವೋ ಕಚ್ಚಿಗೆ ಒರಗುತ್ತೆ. ಗುಳಿಯಿಂದ ಕಚ್ಚಿಗೆ ಎಷ್ಟು ದೂರವೋ, ಕೋವಿ ಅದಕ್ಕಿಂತ ಉದ್ದ ಇರಲೇಬೇಕು, ಇಲ್ಲಾಂದ್ರೆ ಒರಗೋಕೆ ಏನೂ ಇಲ್ಲ, ಮುಂದಕ್ಕೆ ಬಿದ್ದುಹೋಗುತ್ತೆ. ಇಷ್ಟೇ ಲೆಕ್ಕ. ಇನ್ನು ಆ ಕಾಲದ ಸೈನ್ಯದ ಕೋವಿಗಳ ಉದ್ದ ಗೊತ್ತಿದ್ರೆ ಆಯ್ತು. 1853ರ ಎನ್‌ಫೀಲ್ಡ್ ಅಂದ್ರೆ ನಮ್ಮ 1857ರ ದಂಗೆಗೆ ಕಾರಣ ಆದ ಕೊಬ್ಬಿನ ತೋಟೆಯದ್ದು, ಅದು ಸುಮಾರು 55 ಇಂಚು. ಅದನ್ನೇ ಹಿಂದಿನಿಂದ ತೋಟೆ ತುಂಬೋ ಹಾಗೆ ಮಾರ್ಪಾಡು ಮಾಡಿದ ಸ್ನೈಡರ್ ಕೂಡ ಹೆಚ್ಚುಕಮ್ಮಿ ಅಷ್ಟೇ. 1871ರಲ್ಲಿ ಬಂದ ಮಾರ್ಟಿನಿ ಹೆನ್ರಿ 49 ಇಂಚು ಆಸುಪಾಸು. 1888ರ ಲೀ ಮೆಟ್‌ಫೋರ್ಡ್, ಆಮೇಲಿನ ಉದ್ದನೇ ಲೀ ಎನ್‌ಫೀಲ್ಡ್ 49 ಮುಕ್ಕಾಲಿಗೆ ಒಂದು ನೂಲು ಕಮ್ಮಿ ಅಂತಿಟ್ಟುಕೊಳ್ಳಿ. ಆಮೇಲೆ ಬಂದಿದ್ದು ನಮ್ಮ ಪೊಲೀಸರ ಕೈಲಿ ನಾವೆಲ್ಲ ನೋಡಿರೋ ತ್ರೀ ನಾಟ್ ತ್ರೀ, ಮೊಂಡು ಮೂತಿಯ ಲೀ ಎನ್‌ಫೀಲ್ಡ್, ಅದು ಬರೀ 44 ವರೆ ಇಂಚು.

ಈಗ ನಿಮ್ಮ ಅಳತೆಗೆ ಬರೋಣ. ಇಲ್ಲಿ ಒಂದು ತಪ್ಪಾಗಿದೆ, ಎಲ್ಲರೂ ಮಾಡೋದೇ, ನೆಲದಿಂದ ಅಳೆದಿದ್ದೀರಿ. ಕೋವಿ ನೆಲದ ಮೇಲೆ ನಿಲ್ಲಲ್ವಲ್ಲ, ಗುಳೀಲಿ ನಿಲ್ಲುತ್ತೆ. ನಾನು ಫೋನ್ ಮಾಡಿ ಕೇಳಿದಾಗ ಗುಳಿಯ ತಳ ನೆಲದಿಂದ 3 ಇಂಚು ಮೇಲಿದೆ ಅಂದ್ರಿ. ಅಂದ್ರೆ ಅಡ್ಡಪಟ್ಟಿ ನಿಜವಾಗಿ 38 ಇಂಚಿಗೆ, ಬೆಣೆ ಹೊಡೆದ ತೂತು 46 ಇಂಚಿಗೆ. ಮೂರು ಇಂಚು ಏನ್ ಮಹಾ ಅನ್ಬೇಡಿ. 49 ಅಂತ ಹಿಡಿದಿದ್ರೆ ಮಾರ್ಟಿನಿ ಅಲ್ಲಿಗೆ ಎಟಕಲ್ಲ, 55 ಇಂಚಿನ ಎನ್‌ಫೀಲ್ಡ್ ಕಾಲದ್ದು ಅಂತ ನಾವಿಬ್ಬರೂ ಮೂವತ್ತು ನಲವತ್ತು ವರ್ಷ ಹಿಂದಕ್ಕೆ ಹೋಗಿ ಕೂರ್ತಿದ್ವಿ.

ಆ ಬೆಣೆಗಳೇ ಕಥೆ ಹೇಳೋದು. ನಿಮ್ಮ ಅಡ್ಡಪಟ್ಟಿ ಮೊದಲು ಮೇಲಿತ್ತು, 46 ಇಂಚಲ್ಲಿ. ಅಷ್ಟು ಎತ್ತರಕ್ಕೆ 44 ವರೆ ಇಂಚಿನ ತ್ರೀ ನಾಟ್ ತ್ರೀ ಮುಟ್ಟೋದೇ ಇಲ್ಲ, ಗಾಳೀಲಿ ನಿಲ್ಲಬೇಕು. ಅಲ್ಲಿಗೆ ಆಗಿ ಬರೋದು 49 ಇಂಚಿನವು. ಆಮೇಲೆ ಯಾವಾಗಲೋ ಗಿಡ್ಡ ಕೋವಿ ಬಂತು, ಹಳೇ ಸ್ಟ್ಯಾಂಡ್ ಬಿಸಾಕೋಕೆ ಸರ್ಕಾರಕ್ಕೆ ಮನಸ್ಸು ಬರಲಿಲ್ಲ, ಪಲ್ಟನ್ ಬಡಗಿ ಕರೆಸಿ ಪಟ್ಟಿನ 8 ಇಂಚು ಕೆಳಕ್ಕಿಳಿಸಿದ್ರು. ಇದಕ್ಕೆ ಸಾಕ್ಷಿ ಕಚ್ಚುಗಳಲ್ಲೇ ಇದೆ, ನಿಮ್ಮ ಮೂರನೇ ಫೋಟೋ ನೋಡಿ. ಕಚ್ಚಿನ ಒಳತುದಿ ಸಣ್ಣಗೆ ದುಂಡಗೆ ನುಣ್ಣಗಿದೆ, ಅದರ ಎರಡೂ ಪಕ್ಕ ಅರದಿಂದ ಉಜ್ಜಿ ಅಗಲ ಮಾಡಿರೋ ಗೀರು ಗೀರು. ಯಾಕೆ ಗೊತ್ತಾ, ಮಾರ್ಟಿನಿಗೆ ಬಾಯಿ ಕಡೆ ಮೂರ್ನಾಲ್ಕು ಇಂಚು ಬರೀ ಕಬ್ಬಿಣದ ನಳಿಕೆ, ಅದು ಸಣ್ಣ ಕಚ್ಚಲ್ಲಿ ಕೂರುತ್ತೆ. ಮೊಂಡು ಮೂತಿಯ ತ್ರೀ ನಾಟ್ ತ್ರೀಗೆ ತುದೀವರೆಗೂ ಮರದ ಹೊದಿಕೆ, ದಪ್ಪ, ಹಳೇ ಕಚ್ಚಿಗೆ ಹಿಡಿಸಲ್ಲ. ಅದಕ್ಕೆ ಅರ ಹಾಕಿದ್ದಾರೆ. ಆ ಬಡಗಿ ಅಷ್ಟೊಂದು ನಾಜೂಕಿನವನೂ ಅಲ್ಲ ಬಿಡಿ, ಏಳನೇ ನಂಬರಲ್ಲಿ ಕೈ ಜಾರಿದೆ.

ಇನ್ನು ಮೊದಲಿನ 49 ಇಂಚಿನದು ಯಾವುದು, ಮಾರ್ಟಿನಿನಾ ಲೀ ಮೆಟ್‌ಫೋರ್ಡಾ? ಇದಕ್ಕೆ ಸ್ವಲ್ಪ ಇತಿಹಾಸ ಬೇಕು. 1857 ಆದ ಮೇಲೆ ಬ್ರಿಟಿಷರಿಗೆ ನಮ್ಮೋರ ಕೈಗೆ ಒಳ್ಳೇ ಕೋವಿ ಕೊಡೋಕೆ ಭಯ. ಬಿಳಿ ಸಿಪಾಯಿಗೆ ಹೊಸದು, ನಮ್ಮ ಸಿಪಾಯಿಗೆ ಅವನು ಬಿಟ್ಟ ಹಳೇದು, ಇದು ಲಿಖಿತ ನೀತಿ ಥರಾನೇ ನಡೀತು. ದಂಗೆಯಾದ ತಕ್ಷಣ ನಮ್ಮೋರಿಗೆ ಅಂತಲೇ ಎನ್‌ಫೀಲ್ಡ್‌ನ ಒಳಗಿನ ಸುತ್ತುಗೆರೆ ಎಲ್ಲ ತೆಗೆದು ನುಣ್ಣಗೆ ಕೊರೆದು ಕೊಟ್ರು, ಗುರಿ ದೂರ ಹೋಗಬಾರ್ದು ಅಂತ. ಅವರು ಮಾರ್ಟಿನಿ ಹಿಡಿದಾಗ ನಮ್ಮೋರ ಕೈಲಿ ಸ್ನೈಡರ್, ಅವರಿಗೆ ತ್ರೀ ನಾಟ್ ತ್ರೀ ತೋಟೆಯ ಲೀ ಮೆಟ್‌ಫೋರ್ಡ್ ಬಂದಾಗ ನಮ್ಮೋರಿಗೆ ಮಾರ್ಟಿನಿ. ಹಾಗಾಗಿ 1894ರಲ್ಲಿ ಭಾರತೀಯ ಪಲ್ಟನ್ ಅಂದ್ರೆ ಮಾರ್ಟಿನಿ ಅನ್ನೋದೇ ಸರಿಯಾದ ಊಹೆ. ಇನ್ನೊಂದು ಗುರುತೂ ನೋಡಬಹುದು. ಲೀ ಕೋವಿಗಳಿಗೆ ಬಲಗಡೆ ಬೋಲ್ಟ್ ಹಿಡಿ ಚಾಚಿಕೊಂಡಿರುತ್ತೆ, ತುದೀಲಿ ಗುಂಡು. ಮಾರ್ಟಿನಿಗೆ ಪಕ್ಕಕ್ಕೆ ಏನೂ ಚಾಚಲ್ಲ, ಅದರ ಸನ್ನೆ ಕೆಳಗಡೆ. ನಿಮ್ಮ ಸ್ಟ್ಯಾಂಡಿನ ಕೊನೇ ಕಂಬದ ಒಳಮೈ ಮೇಲೆ ಬೋಲ್ಟಿನ ಗುಂಡು ತಾಗಿ ತಾಗಿ ಆದ ಗುಳಿ ಇದೆಯಾ ಟಾರ್ಚ್ ಹಾಕಿ ನೋಡಿ. ಇದ್ರೆ ಅಲ್ಲಿ ಲೀ ಜಾತಿಯ ಕೋವಿ ನಿಂತಿತ್ತು ಅಂತ. ಆದ್ರೆ ಅದು ಮೊದಲಿನ ಉದ್ದ ಕೋವಿಯದಾ ಆಮೇಲಿನ ಗಿಡ್ಡದರದಾ ಅಂತ ಆ ಗುಳಿಯೊಂದರಿಂದ ಹೇಳೋಕಾಗಲ್ಲ, ಹಾಗಾಗಿ ಮಾರ್ಟಿನಿ ಅನ್ನೋದು ಊಹೆಯಾಗೇ ಉಳಿಯುತ್ತೆ.

ಹಾಗಾದ್ರೆ ಅಜ್ಜನದಾ ಅಲ್ವಾ? ಅಜ್ಜನ ಕಾಲದಲ್ಲಿ ಭಾರತೀಯ ಸೈನ್ಯದ ಕೈಲಿದ್ದಿದ್ದು ಅದೇ ಮೊಂಡು ಮೂತಿ, ಕಲ್ಕತ್ತಾ ಹತ್ರದ ಇಷಾಪುರ ಫ್ಯಾಕ್ಟರೀಲಿ ಮಾಡಿದ್ದು. ಪಟ್ಟಿ ಕೆಳಗಿಳಿಸಿದ ಮೇಲಿನ ಸ್ಟ್ಯಾಂಡಿಗೆ ಅಜ್ಜನ ಕೋವಿ ಸರಿಯಾಗಿ ಕೂರುತ್ತೆ. ಆದ್ರೆ ಸ್ಟ್ಯಾಂಡ್ ಅಜ್ಜನಿಗಿಂತ ಹಿರಿಯದು, ಅವರು ಹುಟ್ಟೋಕೆ ಮುಂಚೆ ಬೇರೆ ಯಾರ್ಯಾರ ಕೋವಿನೋ ಹೊತ್ತಿದೆ. ಅವರ ಪಲ್ಟನ್‌ನ ಕೋತ್‌ನಲ್ಲಿ ಅಂದ್ರೆ ಆಯುಧ ಕೋಣೇಲಿ (ಮಿಲಿಟರಿ ಮನೆಯವರಿಗೆ ಈ ಮಾತು ಹೊಸದಲ್ಲ) ಇದ್ದಿದ್ದೇನಾ ಅನ್ನೋದಕ್ಕೆ ಪಲ್ಟನ್ ಹೆಸರೋ ಕಂಪನಿ ಅಕ್ಷರವೋ ಎಲ್ಲಾದ್ರೂ ಬರೆದಿರಬೇಕು, ಬಿಳಿ ನಂಬರಿನ ಕೆಳಗೆ ಹಳೇ ಬಣ್ಣದ ಪದರ ಇದ್ರೆ ಅಲ್ಲಿ ಹುಡುಕಿ. ಆ ನಂಬರಿಗೂ ಅರ್ಥ ಇದೆ, ಪ್ರತಿ ಕೋವಿಗೂ ಸ್ಟ್ಯಾಂಡ್ ನಂಬರ್ ಇರ್ತಿತ್ತು, ಬಟ್ಟಿನ ಬಲಗಡೆ ಹಿತ್ತಾಳೆ ಬಿಲ್ಲೆ ಮೇಲೆ ಪಲ್ಟನ್ ಗುರುತಿನ ಜೊತೆ ಕೆತ್ತಿರೋರು, ಕತ್ತಲಲ್ಲಿ ಓಡಿಬಂದ್ರೂ ನಾಲ್ಕನೇ ನಂಬರಿನವನು ನಾಲ್ಕನೇದನ್ನೇ ಎಳ್ಕೊಂಡು ಹೋಗಬೇಕು ಅಂತ.

ಅಜ್ಜ ಇದನ್ನ ಹೇಗೆ ತಂದ್ರು ಅಂತ ಮನೇಲಿ ಯಾರಾದ್ರೂ ಪಿಸುಗುಟ್ಟಿದ್ರೆ ಹೆದರಬೇಡಿ. ಸರ್ಕಾರ ಬೇಡದ ಸಾಮಾನನ್ನ ಹರಾಜು ಹಾಕೋದು ಆಗಲೂ ಇತ್ತು. ಹಾಗೆ ಮಾರಿದ ಸಾಮಾನಿಗೆ ಇನ್ನೊಂದು ಬಾಣ ಹೊಡೀತಿದ್ರು, ಎರಡು ಬಾಣ ಮೂತಿಗೆ ಮೂತಿ ತಾಗಿಸಿದ ಹಾಗೆ. ಪಟ್ಟಿ ಹಿಂದೆ ನೋಡಿ, ಸಿಕ್ಕಿದ್ರೆ ಅಜ್ಜ ದುಡ್ಡು ಕೊಟ್ಟೇ ತಂದಿದ್ದು ಅಂತ ಹಬ್ಬದ ದಿನ ಎಲ್ಲರ ಮುಂದೆ ಹೇಳಬಹುದು. ಅಂದಹಾಗೆ ಕೈಲ್ ಪೊಳ್ದ್‌ಗೆ, ಅಂದ್ರೆ ಕೊಡಗಿನ ಆಯುಧ ಪೂಜೆ ಹಬ್ಬಕ್ಕೆ, ಕೋವಿ ತೊಳೆದು ತೋಕ್ ಪೂ ಅಂದ್ರೆ ಕೋವಿ ಹೂವು ಸಿಕ್ಕಿಸ್ತೀರಲ್ಲ, ಈ ಸಲ ಸ್ಟ್ಯಾಂಡಿಗೂ ಒಂದು ಸಿಕ್ಕಿಸಿ, ಕೋವಿ ಇಲ್ಲದಿದ್ರೂ ಅದು ಕೋವಿ ಕುಲದ್ದೇ.

ಪಾಲಿಶ್ ವಿಷ್ಯ. ದಯವಿಟ್ಟು ಬೇಡ. ಮರಳು ಕಾಗದ ಹಾಕಿದ ದಿನ ಬಿಳಿ ನಂಬರೂ ಹೋಗುತ್ತೆ, ಅರದ ಗೀರೂ ಹೋಗುತ್ತೆ, ಉಳಿಯೋದು ಕೊಡೆ ಸ್ಟ್ಯಾಂಡ್. ಒಣ ಬಟ್ಟೇಲಿ ಧೂಳು ಒರೆಸಿ, ಅಗಸೆ ಎಣ್ಣೆ ಒಂದು ಚೂರು ಬಟ್ಟೆಗೆ ಹಾಕಿ ತೆಳ್ಳಗೆ ಉಜ್ಜಿ, ಸೈನ್ಯದಲ್ಲೂ ಕೋವಿ ಮರಕ್ಕೆ ಇದನ್ನೇ ಹಚ್ತಿದ್ರು. ಎಣ್ಣೆ ಬಟ್ಟೇನ ಉಂಡೆ ಕಟ್ಟಿ ಮೂಲೇಲಿ ಇಡಬೇಡಿ, ಅಗಸೆ ಎಣ್ಣೆ ಬಟ್ಟೆ ತಾನಾಗೇ ಬಿಸಿಯಾಗಿ ಬೆಂಕಿ ಹತ್ತುತ್ತೆ, ಬಿಡಿಸಿ ಹೊರಗೆ ಒಣಗಿಸಿ. ನಿಮ್ಮ ಕಡೆ ಮಳೆಗೆ ಕುಟ್ಟೆ ಹುಳದ ಕಾಟ ಜಾಸ್ತಿ, ಕೆಳಗೆ ಹಿಟ್ಟಿನ ಥರ ಪುಡಿ ಬಿದ್ದಿದ್ರೆ ಮಾತ್ರ ಔಷಧಿ ಮಾಡಿಸಿ. ಮಡಿಕೇರಿಯ ಸನ್ನಿಸೈಡ್‌ನಲ್ಲಿ ಜನರಲ್ ತಿಮ್ಮಯ್ಯನವರ ಮನೇನ 2021ರಲ್ಲಿ ಮ್ಯೂಸಿಯಂ ಮಾಡಿದ್ದಾರಲ್ಲ, ಅಲ್ಲಿ ಹಳೇ ಆಯುಧ ಇಟ್ಟಿದ್ದಾರೆ, ಒಂದು ಸಲ ಹೋಗಿ ಕೋವಿಗಳ ಮೂತಿ ನೋಡ್ಕೊಂಡು ಬನ್ನಿ, ನಾನು ಹೇಳಿದ ಮೊಂಡು ಮೂತಿ ಏನು ಅಂತ ಕಣ್ಣಿಗೆ ಕಟ್ಟುತ್ತೆ.

ಪ್ರಶ್ನೆ: ಬೆಳಗಾವಿಯಿಂದ ಬರೆಯಾಕತ್ತೇನ್ರಿ. ಇಲ್ಲೊಬ್ಬ ಹಳೇ ಸಾಮಾನಿನ ಅಂಗಡಿಯವ ಟಿಪ್ಪು ಸುಲ್ತಾನನ ಸೈನ್ಯದ ಬಂದೂಕಿನ ಸ್ಟ್ಯಾಂಡ್ ಅಂತ ಹೇಳಿ ಭಾಳ ರೊಕ್ಕ ಕೇಳಾಕತ್ತಾನ. ಹಿಂದ ಪ್ಲೈವುಡ್ ಐತಿ, ಸ್ಕ್ರೂ ತಲೀ ಮ್ಯಾಲೆ ಕೂಡಿಸುವ ಗುರುತಿನಂಗ ಗೀರು ಐತಿ. ಎತ್ತರ ಮೂರುವರೆ ಫೂಟು. ತಗೊಳ್ಳಲೇನ್ರಿ?

ಉತ್ತರ: ಆ ಪ್ಲಸ್ ತಲೆ ಸ್ಕ್ರೂ ಇದೆಯಲ್ಲ ಸರ್, ಅದು ಮಾರುಕಟ್ಟೆಗೆ ಬಂದಿದ್ದು 1930ರ ದಶಕದಲ್ಲಿ, ಅಮೆರಿಕಾದಲ್ಲಿ. ಟಿಪ್ಪು ತೀರಿಕೊಂಡಿದ್ದು 1799ರ ಮೇ 4. ಉಳಿದಿದ್ದು ನೀವೇ ಲೆಕ್ಕ ಹಾಕಿ. ಆ ಕಾಲದ ಚಕಮಕಿ ಬಂದೂಕುಗಳು ನಾಲ್ಕೂವರೆ ಅಡಿ ಮೇಲೆ, ಮೂರೂವರೆ ಅಡಿ ಸ್ಟ್ಯಾಂಡಲ್ಲಿ ನಿಲ್ಲಿಸಬಹುದು, ಅದೇನೂ ಆಗಲ್ಲ ಅಂತಲ್ಲ, ಆದ್ರೆ ಪ್ಲೈವುಡ್‌ಗೆ ಏನ್ ಹೇಳೋಣ. ಒಂದೇ ಮಾತು, ಸ್ಕ್ರೂ ಆಮೇಲೆ ರಿಪೇರಿಗೆ ಹಾಕಿರಬಹುದು, ಹಾಗಾಗಿ ಒಂದು ಸ್ಕ್ರೂ ನೋಡಿ ತೀರ್ಪು ಕೊಡಬೇಡಿ, ಎಲ್ಲ ಜೋಡಣೇನೂ ನೋಡಿ. ಎಲ್ಲ ಕಡೆ ಅದೇ ಸ್ಕ್ರೂ ಇದ್ದು, ಅದರ ಕೆಳಗೆ ಹಳೇ ತೂತಿನ ಗುರುತೇ ಇಲ್ಲ ಅಂದ್ರೆ ಮುಗೀತು. ಚಂದ ಇದ್ರೆ ಪ್ಲೈವುಡ್ ರೇಟಿಗೆ ತಗೊಳ್ಳಿ, ಛತ್ರಿ ಇಡೋಕಾಗುತ್ತೆ. ನಿಮ್ಮೂರಲ್ಲೇ ಮರಾಠಾ ಲೈಟ್ ಇನ್‌ಫೆಂಟ್ರಿ ಸೆಂಟರ್ ಇದೆ, ಅಲ್ಲಿ ರಿಟೈರಾದ ಹಿರಿಯರು ನಿಮ್ಮ ಓಣೀಲೇ ಯಾರಾದ್ರೂ ಇರ್ತಾರೆ, ಅವರನ್ನ ಒಂದು ಸಲ ಅಂಗಡಿಗೆ ಕರ್ಕೊಂಡು ಹೋಗಿ, ಅಂಗಡಿಯವನ ಟಿಪ್ಪು ಅಲ್ಲೇ ಶರಣಾಗ್ತಾನೆ.

ಪ್ರಶ್ನೆ: ನಮಸ್ಕಾರ, ನಾನು ಅಮೆರಿಕಾದ ಪೆನ್ಸಿಲ್ವೇನಿಯಾದಲ್ಲಿದ್ದೀನಿ, ಊರು ಶಿವಮೊಗ್ಗ. ಇಲ್ಲಿ ಒಂದು ಗರಾಜ್ ಸೇಲ್‌ನಲ್ಲಿ ಹಸಿರು ಬಣ್ಣದ ಕಬ್ಬಿಣದ ರೈಫಲ್ ರ್‍ಯಾಕ್ ಸಿಕ್ತು. ಆಂಟಿಕ್ ಅಂತ ಚೀಟಿ ಅಂಟಿಸಿದ್ರು. ಒಂದು ತಗಡಿನ ಪ್ಲೇಟಲ್ಲಿ 1095ರಿಂದ ಶುರುವಾಗೋ ಉದ್ದನೇ ನಂಬರ್ ಇದೆ. ಸಿವಿಲ್ ವಾರ್ ಕಾಲದ್ದಿರಬಹುದಾ?

ಉತ್ತರ: ಆ ನಂಬರೇ ನಿಮ್ಮ ಜಾತಕ. ಅಮೆರಿಕಾ ಸರ್ಕಾರ ಎಲ್ಲ ಸಾಮಾನಿಗೂ ಸ್ಟಾಕ್ ನಂಬರ್ ಕೊಡುತ್ತೆ, ಮೊದಲ ನಾಲ್ಕು ಅಂಕಿ ಯಾವ ಜಾತಿ ಸಾಮಾನು ಅಂತ, 1095 ಅಂದ್ರೆ ಆಯುಧದ ಖಾತೇಲಿ ಇತರೆ. ಈಗ ಒಟ್ಟು ಅಂಕಿ ಎಣಿಸಿ. 11 ಇದ್ರೆ 1974ಕ್ಕಿಂತ ಹಿಂದಿನ ಪದ್ಧತಿ, 13 ಇದ್ರೆ 1974ರ ಆಮೇಲಿನದು, ಮಧ್ಯೆ ಎರಡಂಕಿಯ ದೇಶದ ಕೋಡ್ ಸೇರಿಸಿದ್ರು. ಎರಡರಲ್ಲಿ ಯಾವುದಾದ್ರೂ ಸಿವಿಲ್ ವಾರ್‌ಗೆ ಅಂದ್ರೆ 1861ಕ್ಕೆ ಹೋಗೋಕೆ ಬಸ್ ಇಲ್ಲ. ಆ ಯುದ್ಧದ ಸ್ಪ್ರಿಂಗ್‌ಫೀಲ್ಡ್ ಕೋವಿ ಸುಮಾರು 56 ಇಂಚು, ನಿಮ್ಮದರ ಮೇಲಿನ ಕಂಬಿ ಎಷ್ಟು ಎತ್ತರ ಅಂತ ಬರೆದಿಲ್ಲ, ಅಳೆದು ನೋಡಿ. ಎರಡನೇ ಮಹಾಯುದ್ಧದ ಗರಾಂಡ್ 43 ಮುಕ್ಕಾಲಿನೊಳಗೆ, ವಿಯೆಟ್ನಾಂ ಕಾಲದ ಎಂ 16 ಸುಮಾರು 39. ಎಂ 16ರ ರ್‍ಯಾಕ್ ಆದ್ರೆ ಇನ್ನೊಂದು ಗುರುತು, ಆ ರೈಫಲ್‌ಗೆ ಮ್ಯಾಗಜಿನ್ನೂ ಹಿಡಿಯೂ ಕೆಳಕ್ಕೆ ಚಾಚಿರುತ್ತೆ, ಹಾಗಾಗಿ ಹಳೇ ಕೋವಿ ಸ್ಟ್ಯಾಂಡಿಗಿಂತ ಇದಕ್ಕೆ ಮುಂದೆ ಹಿಂದೆ ಜಾಗ ಜಾಸ್ತಿ ಬೇಕು. ಚೆನ್ನಾಗಿರೋ ಮಿಲಿಟರಿ ಸರ್‌ಪ್ಲಸ್ ಅಂತ ಇಟ್ಕೊಳ್ಳಿ. ಆಂಟಿಕ್ ಚೀಟಿ ಕಿತ್ತುಹಾಕಿ, ತಗಡಿನ ಪ್ಲೇಟ್ ಕೀಳಬೇಡಿ.

ಪ್ರಶ್ನೆ: ಸಕಲೇಶಪುರದ ಹತ್ರ ನಮ್ಮ ತೋಟದ ಮನೇಲಿ ಗೋಡೆಗೆ ಕಡವೆ ಕೊಂಬಿನ ಕೋವಿ ಸ್ಟ್ಯಾಂಡ್ ಇದೆ, ತಾತನ ಕೇಪಿನ ಕೋವಿ ಅದರ ಮೇಲೇ ಇರ್ತಿತ್ತು. ಇದು ಬ್ರಿಟಿಷ್ ಆಫೀಸರ್ ಕೊಟ್ಟಿದ್ದು ಅಂತಾರೆ. ಬೆಂಗಳೂರಿನ ಒಬ್ಬರು ಕೊಂಡ್ಕೊಳ್ತೀನಿ ಅಂತಿದ್ದಾರೆ. ಕೊಡಬಹುದಾ? ಮತ್ತೆ ಇಂಥ ಸ್ಟ್ಯಾಂಡಿಗೆಲ್ಲ ಲೈಸೆನ್ಸ್ ಬೇಕಾ?

ಉತ್ತರ: ಕೊಡಬೇಡಿ. ಕೊಂಬು ಯಾರು ಕೊಟ್ಟಿದ್ದು, ಯಾವ ಆಫೀಸರು ಅನ್ನೋದು ಇಲ್ಲಿ ಎರಡನೇ ಮಾತು, ಮೊದಲು 1972ರ ವನ್ಯಜೀವಿ ಕಾಯ್ದೆ. ಮನೇಲಿ ಇಟ್ಕೊಳ್ಳೋಕೇ ಅರಣ್ಯ ಇಲಾಖೆಯ ಒಡೆತನದ ಸರ್ಟಿಫಿಕೇಟ್ ಇರಬೇಕು, ಸರ್ಟಿಫಿಕೇಟ್ ಇದ್ರೂ ಮಾರೋ ಹಾಗಿಲ್ಲ. ತಾತನ ಪೆಟ್ಟಿಗೆ ಕಾಗದಗಳಲ್ಲಿ ಅದು ಇದೆಯಾ ಹುಡುಕಿ, ಇಲ್ಲಾಂದ್ರೆ ಬೆಂಗಳೂರಿನವರಿಗೆ ಫೋನ್ ಮಾಡೋಕೆ ಮುಂಚೆ ಒಬ್ಬ ವಕೀಲರ ಹತ್ರ ಮಾತಾಡಿ. ಮಿಲಿಟರಿ ಸಾಮಾನಂತೂ ಅದಲ್ಲ, ಸೈನ್ಯದವರು ಹತ್ತಾರು ಕೋವಿ ಒಟ್ಟಿಗೆ ನಿಲ್ಲಿಸಿ ಬೀಗ ಹಾಕ್ತಿದ್ರು, ಟ್ರಿಗರ್ ಗಾರ್ಡ್ ಒಳಗೆ ಸರಪಳಿನೋ ಕಂಬಿನೋ ತೂರಿಸಿ. ಅಡ್ಡಡ್ಡಕ್ಕೆ ಕೊಂಬಿನ ಮೇಲೆ ಮಲಗಿಸೋದು ಶಿಕಾರಿ ಮನೆಗಳ ಶೋಕಿ.

ಲೈಸೆನ್ಸ್ ಬಗ್ಗೆ ತುಂಬ ಜನ ಕೇಳಿದ್ದಾರೆ, ಎಲ್ಲರಿಗೂ ಇಲ್ಲೇ ಹೇಳಿಬಿಡ್ತೀನಿ. ಮರದ ಸ್ಟ್ಯಾಂಡ್ ಪೀಠೋಪಕರಣ, ಅದಕ್ಕೆ ಲೈಸೆನ್ಸ್ ಇಲ್ಲ. ಕೋವಿಗೆ ಬೇಕು, ಕೇಪಿನದಾದ್ರೂ. 1959ರ ಆಯುಧ ಕಾಯ್ದೆ ಹಳೇ ಮಾದರಿಯ ಆಯುಧಕ್ಕೆ ಒಂದು ವಿನಾಯ್ತಿ ಕೊಡುತ್ತೆ, ಆದ್ರೆ ರಿಪೇರಿ ಮಾಡಿದ್ರೂ ಹಾರಿಸೋಕಾಗಬಾರ್ದು ಅನ್ನೋ ಷರತ್ತಿದೆ. ತುಕ್ಕು ಹಿಡಿದಿದೆ ಅಂದ ಮಾತ್ರಕ್ಕೆ ಸಾಲಲ್ಲ, ನಮ್ಮ ಮಲೆನಾಡಿನ ಕಮ್ಮಾರರು ಎಂಥಾ ತುಕ್ಕಿನ ಕೋವಿನೂ ಎಬ್ಬಿಸಿ ಕೂರಿಸ್ತಾರೆ ಅಂತ ಪೊಲೀಸರಿಗೂ ಗೊತ್ತು. ಕೊಡವರಿಗೂ ಜಮ್ಮಾ ಅನ್ನೋ ಕೊಡಗಿನ ಹಳೇ ಭೂಮಿ ಹಕ್ಕಿನ ಹಿಡುವಳಿದಾರರಿಗೂ ಕೋವಿ ಲೈಸೆನ್ಸಲ್ಲಿ ಇರೋ ರಿಯಾಯ್ತಿ ಬೇರೆ ವಿಷ್ಯ, ಅದು ಸಕಲೇಶಪುರಕ್ಕೆ ಬರಲ್ಲ. ತಾತನ ಕೇಪಿನ ಕೋವಿ ಈಗ ಯಾರ ಹೆಸರಲ್ಲಿದೆ ಅಂತ ನೀವು ಬರೆದೇ ಇಲ್ಲ, ಮೊದಲು ಅದನ್ನ ನೋಡ್ಕೊಳ್ಳಿ ಮಾರಾಯ್ರೇ.